ನಿಮಗಿದು ಗೊತ್ತೇ? ಉಕ್ಕಿಗೂ ದಣಿವಾಗುತ್ತದೆ!

ಒಂದು ತಂತಿಯನ್ನು ಒಮ್ಮೆ ಬಗ್ಗಿಸಿ ನೋಡಿ, ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋಗಿ, ಪಟ್ಟನೆ ತುಂಡಾಗುತ್ತದೆ. ಒಂದು ದೊಡ್ಡ ಭಾರಕ್ಕೆ ಜಗ್ಗದ ಲೋಹ, ಲಕ್ಷಾಂತರ ಸಣ್ಣ ಭಾರಗಳಿಗೆ ಸೋಲುತ್ತದೆ. ಎಂಜಿನಿಯರುಗಳು ಇದನ್ನು ಫಟೀಗ್ ಎನ್ನುತ್ತಾರೆ. ಲೋಹದ ದಣಿವು ಎನ್ನೋಣ.

ಈ ದಣಿವನ್ನು ಮೊದಲು ಪರೀಕ್ಷೆ ಮಾಡಿ ತಿಳಿದದ್ದು ಗಣಿಯವರು! ಜರ್ಮನಿಯ ಹಾರ್ಜ್ ಬೆಟ್ಟಗಳ ಕ್ಲೌಸ್ಟಾಲ್‌ನಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್, 1829ರ ಸುಮಾರಿಗೆ ಅದಿರು ಎತ್ತುವ ಕಬ್ಬಿಣದ ಸರಪಳಿಗಳ ಮೇಲೆ ಮತ್ತೆ ಮತ್ತೆ ಭಾರ ಹೇರಿ ನೋಡಿದರು. ಸರಪಳಿ ತುಂಡಾಗಲು ಭಾರ ಎಷ್ಟು ಎಂಬುದರ ಜೊತೆಗೆ, ಎಷ್ಟು ಸಲ ಎಂಬುದೂ ಕಾರಣವೆಂದು ಕಂಡುಕೊಂಡರು. ಸರಪಳಿಯ ಬದಲಿಗೆ 1834ರಲ್ಲಿ ಅವರು ಬಳಕೆಗೆ ತಂದದ್ದೇ ಕಬ್ಬಿಣದ ತಂತಿ ಹೆಣೆದ ಹಗ್ಗ. ಮೂರು ಎಳೆ, ಎಳೆಗೆ ನಾಲ್ಕು ತಂತಿ.

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಶಾಫ್ಟ್‌ಗಳಲ್ಲಿ ನಮ್ಮ ಜನರನ್ನು ಇಳಿಸಿ ಹತ್ತಿಸಿದ್ದು ಆ ಹಗ್ಗದ ವಂಶದ್ದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಕೈಗೆತ್ತಿಕೊಂಡ ಮೇಲೆ ಕೋಲಾರದ ಗಣಿಗಳು ಇಳಿಯುತ್ತ ಇಳಿಯುತ್ತ 3 ಕಿಲೋಮೀಟರಿಗೂ ಆಳ ಹೋದವು. ಅಷ್ಟು ಆಳಕ್ಕೆ ಒಂದೇ ಹಗ್ಗ ಸಾಲದು, ನಡುವೆ ಕೇಜ್ (ಜನರನ್ನು ಹೊರುವ ಪಂಜರ) ಬದಲಿಸಿ ಹಂತ ಹಂತವಾಗಿ ಇಳಿಯಬೇಕಿತ್ತು. ಕೇಜ್ ಒಂದು ಸಲ ಹೋಗಿ ಬಂದರೆ ಹಗ್ಗ ಶಾಫ್ಟ್ ಬಾಯಿಯ ಮೇಲಿನ ಗೋಪುರದ (ಹೆಡ್‌ಗೇರ್) ಗಾಲಿಯ ಮೇಲೆ, ಡ್ರಮ್ಮಿನ ಮೇಲೆ ಬಗ್ಗಿ ನೇರವಾಗುತ್ತದೆ. ದಣಿವಿನ ಲೆಕ್ಕದಲ್ಲಿ ಒಂದೊಂದು ಪಾಳಿಯೂ ಹೀಗೆ ಜಮೆಯಾಗುತ್ತ ಹೋಗುತ್ತದೆ.

ಹಗ್ಗದ ತುದಿಯನ್ನು ಆರು ತಿಂಗಳಿಗೊಮ್ಮೆ ಕತ್ತರಿಸುತ್ತಾರೆ, ಏಕೆ ಗೊತ್ತೇ? 1961ರ ಲೋಹ ಗಣಿ ನಿಯಮಗಳ ಪ್ರಕಾರ ಜನರನ್ನು ಹೊರುವ ಹಗ್ಗಕ್ಕೆ, ಅದು ಹೊರುವ ಭಾರದ ಹಲವು ಪಟ್ಟು ಬಲ ಇರಬೇಕು. ದಿನವೂ ಕಣ್ಣಿಟ್ಟು ನೋಡಬೇಕು. ಕೇಜ್‌ಗೆ ಕಟ್ಟುವ ತುದಿಯನ್ನು ಆರು ತಿಂಗಳೊಳಗೆ ಕತ್ತರಿಸಿ ಹೊಸದಾಗಿ ಕ್ಯಾಪ್ ಕಟ್ಟಬೇಕು. ಕತ್ತರಿಸಿದ ತುಂಡನ್ನು ಬಿಚ್ಚಿದರೆ ಒಳಗಿನ ತುಕ್ಕು, ಮುರಿದ ತಂತಿ ಕಣ್ಣಿಗೆ ಬೀಳುತ್ತವೆ. ಇನ್ನೊಂದು ಲಾಭವೂ ಇದೆ: ತುದಿ ಗಿಡ್ಡವಾದಾಗ ಗಾಲಿಯ ಮೇಲೆ ಬಗ್ಗುವ ಜಾಗ ಸ್ವಲ್ಪ ಸರಿಯುತ್ತದೆ, ಏಟು ಒಂದೇ ಕಡೆ ಬೀಳುವುದು ತಪ್ಪುತ್ತದೆ. ಇದಕ್ಕಿಂತ ಸರಳವಾದ, ಇದಕ್ಕಿಂತ ಜಾಣ ಉಪಾಯವನ್ನು ನಾನು ಕಂಡಿಲ್ಲ.

ಈಗ ಗಣಿಯಿಂದ ಕಡಲಿಗೆ ಬನ್ನಿ. ಎಂಟು ಸೆಕೆಂಡಿಗೆ ಒಂದು ಅಲೆ ಎಂದುಕೊಂಡರೂ ತೈಲ ತೆಗೆಯುವ ಪ್ಲಾಟ್‌ಫಾರ್ಮಿನ ಕಾಲಿಗೆ ವರ್ಷಕ್ಕೆ ಸುಮಾರು 40 ಲಕ್ಷ ಏಟು, ಇಪ್ಪತ್ತು ವರ್ಷಕ್ಕೆ ಎಂಟು ಕೋಟಿ ಏಟು! 1974ರಲ್ಲಿ ‘ಸಾಗರ್ ಸಮ್ರಾಟ್’ ಕೊರೆದು ತೈಲ ಕಂಡ ಬಾಂಬೆ ಹೈ ನಮ್ಮ ದೇಶದ ದೊಡ್ಡ ಉದಾಹರಣೆ.

ವೆಲ್ಡಿಂಗ್ ಮಾಡಿದ ಕೀಲಿನ ಮೇಲಿನ ಒತ್ತಡ ಅರ್ಧಕ್ಕಿಳಿದರೆ ಅದರ ಆಯುಸ್ಸು ಎರಡು ಪಟ್ಟಾಗುತ್ತದೆಂದು ಊಹಿಸಿದಿರಾ? ಅಲ್ಲ, ಸುಮಾರು ಎಂಟು ಪಟ್ಟು! ಒತ್ತಡ ಇಮ್ಮಡಿಯಾದರೆ ಆಯುಸ್ಸು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ.

1980ರ ಮಾರ್ಚ್ 27ರ ಸಂಜೆ ನಾರ್ವೆಯ ಕಡಲಲ್ಲಿ ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ತೇಲುವ ಪ್ಲಾಟ್‌ಫಾರ್ಮ್ ಮಗುಚಿತು. ಅದರಲ್ಲಿದ್ದವರು 212 ಮಂದಿ, ಸತ್ತವರು 123. ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು, ನೀರಿನಡಿಯ ಶಬ್ದ ಕೇಳುವ ಒಂದು ಪುಟ್ಟ ಉಪಕರಣವನ್ನು ಕೂರಿಸಲು ದಪ್ಪ ಕೊಳವೆಗೆ ಹಾಕಿದ್ದ ಕಳಪೆ ಬೆಸುಗೆ. ಅಲ್ಲಿಂದ ಬಿರುಕು ಬೆಳೆದು ಕೊಳವೆ ತುಂಡಾಯಿತು, ಅದರ ಭಾರ ಉಳಿದ ಕೊಳವೆಗಳ ಮೇಲೆ ಬಿದ್ದು ಅವೂ ಮುರಿದವು, ಐದು ಕಾಲುಗಳಲ್ಲಿ ಒಂದು ಕಳಚಿಹೋಯಿತು. ಬಿರುಕಿನೊಳಗೆ ಬಣ್ಣದ ಗುರುತಿತ್ತು! ಅಂದರೆ ಬಣ್ಣ ಬಳಿಯುವ ಹೊತ್ತಿಗೇ, ಕಡಲಿಗೆ ಇಳಿಯುವ ಮೊದಲೇ, ಬಿರುಕು ಅಲ್ಲಿತ್ತು. ಯಾರೂ ನೋಡಿರಲಿಲ್ಲ.

ಹಾಗಾದರೆ ಎಲ್ಲ ಕೀಲುಗಳನ್ನೂ ವರ್ಷವರ್ಷ ನೋಡಬಾರದೇ? ಆಗದು. ನೂರಾರು ಕೀಲು, ಅವುಗಳ ಮೇಲೆ ಚಿಪ್ಪು ಪಾಚಿ, ಮುಳುಗುಗಾರರ ಜೀವಕ್ಕೂ ಅಪಾಯ. ಆದ್ದರಿಂದ ಎರಡು ಪ್ರಶ್ನೆ ಕೇಳುತ್ತಾರೆ: ಇದು ಮುರಿಯುವ ಸಂಭವ ಎಷ್ಟು? ಮುರಿದರೆ ನಷ್ಟ ಎಷ್ಟು? ಎರಡನ್ನೂ ಗುಣಿಸಿದಾಗ ಮೇಲೆ ಬರುವ ಕೀಲಿಗೆ ಮೊದಲ ಸರದಿ. ಕಣ್ಣಿಗೆ ಕಾಣುವಷ್ಟಾದ ಬಿರುಕು ಅಪಾಯದ ಮಟ್ಟಕ್ಕೆ ಬೆಳೆಯುವುದರೊಳಗೆ ಅದನ್ನು ಹಿಡಿಯಲು ಒಂದಕ್ಕಿಂತ ಹೆಚ್ಚು ಅವಕಾಶ ಸಿಗುವಂತೆ ತಪಾಸಣೆಯ ಅಂತರ ಇಡುತ್ತಾರೆ. ನೋಡಿದಾಗ ಏನೂ ಸಿಗದಿದ್ದರೆ ಅದೂ ಬೆಲೆಯುಳ್ಳ ಮಾಹಿತಿ. ಮುಂದಿನ ತಪಾಸಣೆಯನ್ನು ಅದರ ಬಲದ ಮೇಲೆ ಮುಂದೂಡಬಹುದು.

ತಪಾಸಣೆಗೆ ಇನ್ನೊಂದು ದಾರಿಯೂ ಇದೆ: ಒಳಗೆ ಗಾಳಿ ತುಂಬಿರಬೇಕಾದ ಕೊಳವೆಯಲ್ಲಿ ನೀರಿದ್ದರೆ ಎಲ್ಲೋ ಬಿರುಕು ಆರಪಾರಾಗಿದೆ ಎಂದರ್ಥ. ಶಬ್ದದ ಅಲೆ ಹಾಯಿಸಿ ಇದನ್ನು ಹೊರಗಿನಿಂದಲೇ ಕಂಡುಹಿಡಿಯುತ್ತಾರೆ!

ಇದೇ ದಣಿವು ರೈಲಿಗೂ ಇದೆ. ಬಂಗಾರಪೇಟೆಯಿಂದ ಉರಿಗಾಂ ದಾಟಿ ಮಾರಿಕುಪ್ಪಂಗೆ ಸುಮಾರು 16 ಕಿಲೋಮೀಟರ್. ಅಷ್ಟರಲ್ಲಿ ರೈಲುಬೋಗಿಯ ಗಾಲಿ ಐದೂವರೆ ಸಾವಿರ ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿಗೂ ಅಚ್ಚು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬಗ್ಗಿದಂತೆ. ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದ ನಡುವಿನಲ್ಲಿ ದಣಿವಿನ ನಿಯಮಗಳನ್ನು ಕಂಡದ್ದು ರೈಲಿನ ಅಚ್ಚುಗಳ ಮೇಲೆಯೇ.

ಬಂಡೆ ಒಡೆಯುವ ಮೊದಲು ಸದ್ದು ಮಾಡುತ್ತದೆ, ಲೋಹವೂ ಹಾಗೆಯೇ. ಕೆಜಿಎಫ್‌ನಲ್ಲಿ ಬಂಡೆ ಸಿಡಿತವನ್ನು ಗಣಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಅದನ್ನು ದಾಖಲಿಸಲು 1912ರಲ್ಲೇ ಇಲ್ಲಿ ಭೂಕಂಪ ಮಾಪಕ ಕೂರಿಸಿದರು. ಆಮೇಲೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಜಿಯೋಫೋನ್‌ಗಳ ಜಾಲವೇ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಬಿರುಕಿನ ಸದ್ದಿಗೆ ಕಿವಿಗೊಡುವ ಇದೇ ವಿದ್ಯೆಯನ್ನು ಇಂದು ಸೇತುವೆಗೂ ಒತ್ತಡದ ಟ್ಯಾಂಕುಗಳಿಗೂ ಕಡಲ ಕಟ್ಟಡಗಳಿಗೂ ಬಳಸುತ್ತಾರೆ.

ಕೆಜಿಎಫ್ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಹಗ್ಗ ನೋಡಿದವರ, ವೈಂಡಿಂಗ್ ಎಂಜಿನ್ ನಡೆಸಿದವರ ಅನುಭವ ಈಗ ಮನೆಗಳಲ್ಲಿ, ನೆನಪುಗಳಲ್ಲಿ ಮಾತ್ರ ಉಳಿದಿದೆ. ಓದುಗರೇ, ನಿಮ್ಮ ತಾತನೋ ತಂದೆಯೋ ಶಾಫ್ಟ್‌ನಲ್ಲಿ ದುಡಿದವರಾದರೆ, ಅವರು ಬರೆದಿಟ್ಟ ಹಳೆಯ ತಪಾಸಣೆ ಪುಸ್ತಕ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.