ಸೆಣಬಿನ ಹೊಲದ ಹಗಲು ಪತಂಗ: ಔಷಧಿ ಹೊಡೆಯೋ ಮೊದಲು ಓದಿ

ಭತ್ತದ ನಾಟಿಗೆ ಮೊದಲು ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಿದ್ದೀರಾ? ಹೊಲದೊಳಗೆ ನಡೆದರೆ ಕಾಲ ಬುಡದಿಂದ ಬಿಳಿ ಪತಂಗ ಹಾರಿ, ನಾಲ್ಕು ಮಾರು ಆಚೆ ಮತ್ತೆ ಕೂರುತ್ತೆ. ರೆಕ್ಕೆ ಮೇಲೆ ಕೆಂಪು, ಕಪ್ಪು ಚುಕ್ಕೆ. ಹಗಲಲ್ಲಿ ಹಾರೋದರಿಂದ ಚಿಟ್ಟೆ ಅಂದುಕೊಳ್ತೀವಿ. ಕೂತಾಗ ನೋಡಿ: ರೆಕ್ಕೆ ಮೈಗೆ ಸುತ್ತಿಕೊಂಡಿರುತ್ತೆ, ಮೀಸೆ ದಾರದ ಹಾಗೆ ತೆಳು. ಚಿಟ್ಟೆಗಾದರೆ ಮೀಸೆ ತುದಿಯಲ್ಲಿ ಗುಂಡು ಇರುತ್ತೆ.

ಇದರ ಹೆಸರು ಯುಟೆಥೀಸಾ ಪುಲ್ಕೆಲ್ಲಾ. 1758ರಲ್ಲೇ ಲಿನೇಯಸ್ ಇದನ್ನು ದಾಖಲಿಸಿದ್ದಾರೆ.

ವಿಷವೇ ರಕ್ಷಣೆ

ಹುಳು ಕಪ್ಪು, ಮೈಮೇಲೆ ಬಿಳಿ ಗೆರೆ, ಕೆಂಪು ಚುಕ್ಕೆ, ತೆಳು ಕೂದಲು. ಮೊದಲು ಎಲೆ ಕೆರೆದು ತಿನ್ನುತ್ತೆ, ಆಮೇಲೆ ಕಾಯಿ ಕೊರೆದು ಬೀಜ ತಿನ್ನುತ್ತೆ. ಸೆಣಬಿನ ಜಾತಿಯ ಗಿಡಗಳಲ್ಲಿರೋ ಕಹಿ ವಿಷವನ್ನು ಮೈಯಲ್ಲೇ ಕೂಡಿಡುತ್ತೆ. ಇದರ ಅಮೆರಿಕದ ಸಂಬಂಧಿ ಪತಂಗದ ಮೇಲೆ ಥಾಮಸ್ ಐಸ್ನರ್ ಅನ್ನೋ ವಿಜ್ಞಾನಿ ಸಂಶೋಧನೆ ಮಾಡಿದ್ದರು. ಬಲೆಗೆ ಬಿದ್ದ ಆ ಪತಂಗವನ್ನು ಜೇಡ ತಿನ್ನದೆ, ಎಳೆ ಕತ್ತರಿಸಿ ಬಿಟ್ಟುಬಿಡುತ್ತೆ! ಗಂಡು ಕೂಡುವಾಗ ಹೆಣ್ಣಿಗೆ ವಿಷ ದಾಟಿಸುತ್ತೆ, ಹೆಣ್ಣು ಮೊಟ್ಟೆಗೆ ಕೊಡುತ್ತೆ.

ಹಾಗಾದರೆ ಏನು ಮಾಡೋದು?

ಗೊಬ್ಬರಕ್ಕೆ ಬೆಳೆದಿದ್ದರೆ ಏನೂ ಮಾಡಬೇಡಿ. 45ರಿಂದ 50 ದಿನಕ್ಕೆ, ಹೂ ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸ್ತೀರಿ. ಕಾಯಿ ಕಟ್ಟೋದೇ ಇಲ್ಲ ಅಂದ ಮೇಲೆ ಕಾಯಿ ಕೊರೆಯೋ ಹುಳುವಿಗೆ ಯಾಕೆ ದುಡ್ಡು ಸುರೀಬೇಕು? ಅಲ್ಲಲ್ಲಿ ಎಲೆ ತೂತಾದರೂ ಗೊಬ್ಬರ ಗೊಬ್ಬರವೇ.

ಬೀಜಕ್ಕೆ ಬಿಟ್ಟಿದ್ದರೆ ಮಾತ್ರ ಎಚ್ಚರ. ಕಾಯಿ ಕಟ್ಟೋವಾಗ ಆಗಾಗ ಸಾಲಲ್ಲಿ ಓಡಾಡಿ, ತೂತಿರೋ ಕಾಯಿ ಬಿಡಿಸಿ, ಹುಳು ಆರಿಸಿ ತೆಗೀರಿ. ಜಾಸ್ತಿ ಕಂಡರೆ ಮೊಬೈಲಲ್ಲಿ ಹತ್ತಿರದ ಫೋಟೋ ತೆಗೆದು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ.

ನಾನು ಒತ್ತಿ ಹೇಳೋದು ಇದೊಂದನ್ನ: ಕೊಳ್ಳೇಗಾಲ ಸೀಮೆ ಅಂದರೆ ರೇಷ್ಮೆ ಸೀಮೆ. ಬದುವಿನ ಆಚೆ ಹಿಪ್ಪುನೇರಳೆ ಇದ್ದರೆ ನೀವು ಹೊಡೆದ ಔಷಧಿ ಗಾಳೀಲಿ ಹೋಗಿ ಆ ಸೊಪ್ಪಿನ ಮೇಲೆ ಕೂರುತ್ತೆ. ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತೆ. ಬೇವಿನ ಎಣ್ಣೆಯೂ ರೇಷ್ಮೆ ಹುಳುವಿಗೆ ಆಗಲ್ಲ. ನೆರೆಯವರ ಬೆಳೆಯೇ ಹೋಗುತ್ತೆ.

ಇನ್ನೊಂದು ಮಾತು: ಸೆಣಬಿನ ಬೀಜದಲ್ಲೂ ಆ ವಿಷ ಇದೆ. ಕಾಯಿ ಬಲಿತ ಗಿಡವನ್ನು ದನಕ್ಕೆ ಹಾಕಬೇಡಿ.