ಶುಕ್ರ ಮತ್ತು ವೀರ್ಯಾಣು: ವೈದ್ಯಗ್ರಂಥಗಳ ಒಂದು ಶಬ್ದದ ವಿಚಾರ

ಪ್ರಾಚೀನ ವೈದ್ಯಗ್ರಂಥಗಳ ಓಲೆಪ್ರತಿಗಳನ್ನು ಪರಿಶೋಧಿಸುವವರಿಗೂ ಅವುಗಳಿಗೆ ಹೊಸಗನ್ನಡದಲ್ಲಿ ತಾತ್ಪರ್ಯ ಬರೆಯುವವರಿಗೂ ಪದೇ ಪದೇ ಎದುರಾಗುವ ಶಬ್ದಗಳಲ್ಲಿ ‘ಶುಕ್ರ’ವೂ ಒಂದು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕ, 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಮೊದಲಾದ ಜೈನ ವೈದ್ಯಕೃತಿಗಳು ಆಯುರ್ವೇದದ ಧಾತುಪರಿಭಾಷೆಯಲ್ಲಿಯೇ ನಡೆಯುವಂಥವು. ಇಂಥ ಕೃತಿಗಳಲ್ಲಿ ಶುಕ್ರಶಬ್ದ ಬಂದೆಡೆಯಲ್ಲೆಲ್ಲ ‘ವೀರ್ಯಾಣು’ ಎಂದು ಅರ್ಥೈಸುವುದು ಸುಲಭವಾಗಿ ತೋರಬಹುದು. ಆದರೆ ಅದು ಮೂಲಕಾರನ ಮೇಲೆ ಅವನಿಗೆ ತಿಳಿದಿರದ ವಸ್ತುವೊಂದನ್ನು ಆರೋಪಿಸಿದಂತಾಗುತ್ತದೆ. ವೀರ್ಯಾಣುಗಳು ಶರೀರದಲ್ಲಿ ಹೇಗೆ ಉತ್ಪನ್ನವಾಗುತ್ತವೆಂಬುದನ್ನು ಕ್ರಮವಾಗಿ ತಿಳಿದರೆ ಈ ಎರಡು ಶಬ್ದಗಳ ಅಂತರ ಸ್ಪಷ್ಟವಾಗುವುದು.

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಶುಕ್ರವು ಕೊನೆಯದು. ಆಹಾರರಸವು ಕ್ರಮದಿಂದ ಪರಿಣಾಮ ಹೊಂದುತ್ತ ಒಂದು ಮಾಸದಲ್ಲಿ ಶುಕ್ರವಾಗುವುದೆಂದು ಸುಶ್ರುತಸಂಹಿತೆಯ ಮತ. ಹಾಲಿನಲ್ಲಿ ತುಪ್ಪದಂತೆ, ಕಬ್ಬಿನ ರಸದಲ್ಲಿ ಬೆಲ್ಲದಂತೆ ಅದು ಸರ್ವಶರೀರವ್ಯಾಪಿಯೆಂಬ ದೃಷ್ಟಾಂತವೂ ಆಯುರ್ವೇದದಲ್ಲಿ ಪ್ರಸಿದ್ಧವಾದುದೇ. ಅಂದರೆ ಶಾಸ್ತ್ರಕಾರರ ಶುಕ್ರವು ಒಂದು ಧಾತು, ಪೋಷಣಕ್ರಮದ ಅಂತಿಮ ಪರಿಣಾಮ, ಎಣಿಸಬಹುದಾದ ಕಣವಲ್ಲ.

ಕಣರೂಪದ ವೀರ್ಯಾಣುವಿನ ಜ್ಞಾನವಾದರೋ ಸೂಕ್ಷ್ಮದರ್ಶಕದಿಂದ ದೊರೆತುದು. ಹಾಲೆಂಡಿನ ಡೆಲ್ಫ್ಟ್ ನಗರದ ಲೇವೆನ್‌ಹುಕ್ ಎಂಬಾತನು 1677ರಲ್ಲಿ ರೇತಸ್ಸಿನಲ್ಲಿ ಬಾಲವುಳ್ಳ ಚಲಿಸುವ ಕಣಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅವು ರೇತಸ್ಸಿನಲ್ಲಿ ವಾಸಿಸುವ ಕ್ರಿಮಿಗಳೋ ಅಥವಾ ಸಂತಾನಕ್ಕೆ ಕಾರಣಗಳೋ ಎಂಬ ವಿವಾದ ಬಹುಕಾಲ ನಡೆಯಿತು. ಅವು ವೃಷಣದ ಜೀವಕೋಶಗಳಿಂದಲೇ ಹುಟ್ಟುತ್ತವೆಂಬುದನ್ನು 1841ರಲ್ಲಿ ಕೋಲಿಕರನು ತೋರಿಸಿದನು. ವೀರ್ಯಾಣುವಿನ ಕೇಂದ್ರವೂ ಅಂಡದ ಕೇಂದ್ರವೂ ಒಂದಾಗುವುದನ್ನು ಕಡಲಪ್ರಾಣಿಯೊಂದರಲ್ಲಿ ಹರ್ಟ್‌ವಿಗ್ ಎಂಬ ವಿಜ್ಞಾನಿ ಗಮನಿಸಿದುದು 1876ರಲ್ಲಿ. ಹೀಗೆ ಕಣವನ್ನು ಕಂಡ ಮೇಲೂ ಅದರ ಕಾರ್ಯ ನಿಶ್ಚಯವಾಗಲು ಎರಡು ಶತಮಾನಗಳು ಬೇಕಾದುವು.

ಪ್ರತಿಯೊಂದು ವೃಷಣವೂ ಸುಮಾರು 250 ಪುಟ್ಟ ವಿಭಾಗಗಳಿಂದ ಕೂಡಿದೆ. ಒಂದೊಂದು ವಿಭಾಗದಲ್ಲಿ ಒಂದರಿಂದ ನಾಲ್ಕರವರೆಗೆ ಸುರುಳಿಸುತ್ತಿದ ಅತಿಸೂಕ್ಷ್ಮ ನಾಳಗಳಿರುತ್ತವೆ. ವೀರ್ಯಾಣುಗಳ ಉತ್ಪತ್ತಿಸ್ಥಾನ ಈ ನಾಳಗಳ ಒಳಗೋಡೆ. ಈ ಕಾರ್ಯಕ್ಕೆ ಶರೀರದ ಒಳಗಿನ ಉಷ್ಣತೆಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ವೃಷಣಗಳು ಉದರದಿಂದ ಹೊರಗೆ ಚೀಲದಲ್ಲಿರುವುದರಿಂದ ಅದು ದೊರೆಯುತ್ತದೆ. ಬಾಲ್ಯದಲ್ಲಿ ಇಳಿಯದೆ ಉದರದಲ್ಲಿಯೇ ಉಳಿದ ವೃಷಣದಲ್ಲಿ ಉತ್ಪತ್ತಿ ಕುಂಠಿತವಾಗುವುದೂ ಇದಕ್ಕೆ ಸಾಕ್ಷಿ.

ಉತ್ಪತ್ತಿಕ್ರಮವನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಮೊದಲನೆಯದು ವೃದ್ಧಿ. ನಾಳದ ಗೋಡೆಯ ಹೊರಅಂಚಿನಲ್ಲಿರುವ ಮೂಲಕೋಶಗಳು ಪ್ರಾಪ್ತವಯಸ್ಸಿನಿಂದ ತೊಡಗಿ ವಿಭಜನೆ ಹೊಂದುತ್ತವೆ. ಹೀಗೆ ಹುಟ್ಟಿದ ಕೋಶಗಳಲ್ಲಿ ಕೆಲವು ಮೂಲನಿಧಿಯಾಗಿಯೇ ಉಳಿದರೆ ಉಳಿದವು ಮುಂದುವರಿಯುತ್ತವೆ. ಮೂಲನಿಧಿ ಬರಿದಾಗದಿರುವುದರಿಂದಲೇ ಪುರುಷನಲ್ಲಿ ಈ ಕ್ರಿಯೆ ವೃದ್ಧಾಪ್ಯದಲ್ಲಿಯೂ ನಿಲ್ಲದೆ ನಡೆಯುತ್ತದೆ. ಎರಡನೆಯದು ಸಂಖ್ಯಾಹ್ರಾಸ. ಮನುಷ್ಯನ ಶರೀರಕೋಶದಲ್ಲಿ 46 ವರ್ಣತಂತುಗಳಿವೆ. ಎರಡು ಅನುಕ್ರಮ ವಿಭಜನೆಗಳಿಂದ ಒಂದು ಕೋಶವು ನಾಲ್ಕಾಗಿ, ಪ್ರತಿಯೊಂದರಲ್ಲಿಯೂ 23 ವರ್ಣತಂತುಗಳು ಮಾತ್ರ ಉಳಿಯುತ್ತವೆ. ತಾಯಿಯ ಅಂಡದಲ್ಲಿಯೂ 23 ಇರುವುದರಿಂದ ಎರಡರ ಸಂಯೋಗದಲ್ಲಿ ಮತ್ತೆ 46 ಪೂರ್ಣವಾಗುತ್ತದೆ. ಮೂರನೆಯದು ರೂಪಾಂತರ. ದುಂಡಗಿದ್ದ ಕೋಶವು ವಿಭಜನೆಯಿಲ್ಲದೆಯೇ ಆಕಾರವನ್ನು ಬದಲಿಸಿ, ವರ್ಣತಂತುಗಳನ್ನು ಒತ್ತಾಗಿ ಅಡಕಿದ ತಲೆಯನ್ನೂ ಚಲನೆಗೆ ಶಕ್ತಿಯೊದಗಿಸುವ ನಡುಭಾಗವನ್ನೂ ನೀಳವಾದ ಬಾಲವನ್ನೂ ಪಡೆಯುತ್ತದೆ. ತಲೆಯ ತುದಿಯ ಟೊಪ್ಪಿಗೆಯಂಥ ಚೀಲದಲ್ಲಿ ಅಂಡದ ಹೊದಿಕೆಯನ್ನು ಭೇದಿಸುವ ದ್ರವ್ಯಗಳಿರುತ್ತವೆ.

ಈ ಕೋಶಗಳನ್ನು ಆಧರಿಸಿ ಪೋಷಿಸುವ ಕೋಶಗಳನ್ನು 1865ರಲ್ಲಿ ವರ್ಣಿಸಿದವನು ಇಟಲಿಯ ಸರ್ಟೋಲಿ. ಅವು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ನಾಳಗಳ ನಡುವಣ ಲೈಡಿಗ್ ಕೋಶಗಳು ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇವೆರಡನ್ನೂ ಪ್ರೇರಿಸುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಮೂಲಕೋಶದಿಂದ ಪೂರ್ಣರೂಪದ ವೀರ್ಯಾಣುವಾಗಲು ಸುಮಾರು 74 ದಿನಗಳು ಹಿಡಿಯುತ್ತವೆಂದು 1960ರ ದಶಕದ ಸಂಶೋಧನೆಗಳು ಗಣಿಸಿವೆ. ಇದನ್ನು ಸುಶ್ರುತೋಕ್ತ ಮಾಸಕ್ಕೆ ಹೊಂದಿಸಲು ಯತ್ನಿಸುವುದು ಅನಾವಶ್ಯಕ. ಅಲ್ಲಿ ಹೇಳಿರುವುದು ರಸದ ಪರಿಣಾಮಕಾಲ, ಇಲ್ಲಿ ಗಣಿಸಿರುವುದು ಕೋಶವೊಂದರ ವಿಕಾಸಕಾಲ.

ನಾಳದಿಂದ ಹೊರಟ ವೀರ್ಯಾಣುವಿಗೆ ಆಗ ಸ್ವತಂತ್ರವಾಗಿ ಈಜುವ ಸಾಮರ್ಥ್ಯವಿರುವುದಿಲ್ಲ. ವೃಷಣದ ಹಿಂಭಾಗದಲ್ಲಿ ಮಡಿಕೆಮಡಿಕೆಯಾಗಿ ಸುತ್ತಿಕೊಂಡಿರುವ, ಬಿಡಿಸಿದರೆ ಸುಮಾರು 6 ಮೀಟರು ಉದ್ದವಾಗುವ ಅಧಿವೃಷಣನಾಳದಲ್ಲಿ ಸಾಗುವಾಗ ಅದು ಪಕ್ವವಾಗುತ್ತದೆ. ಅಲ್ಲಿಂದ ಮುಂದೆ ರೇತೋವಾಹಿನಿಯ ಮೂಲಕ ಸಾಗಿ ರೇತಃಕೋಶಗಳ ಹಾಗೂ ಪ್ರಾಸ್ಟೇಟ್ ಗ್ರಂಥಿಯ ಸ್ರಾವಗಳೊಡನೆ ಬೆರೆಯುತ್ತದೆ. ಹೊರಬರುವ ದ್ರವದ ಬಹುಭಾಗವು ಈ ಗ್ರಂಥಿಗಳದೇ. ಪರಿಮಾಣದಲ್ಲಿ ವೀರ್ಯಾಣುಗಳ ಪಾಲು ಅತ್ಯಲ್ಪ. ಆದರೂ ಸಂಖ್ಯೆಯಲ್ಲಿ ಅವು ಅಪಾರ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಕೆಳಮಿತಿಯೇ ಮಿಲಿಲೀಟರಿಗೆ 1 ಕೋಟಿ 60 ಲಕ್ಷ. ರೇತೋವಾಹಿನಿಯನ್ನು ಕತ್ತರಿಸಿ ಕಟ್ಟುವ ಸಂತಾನನಿರೋಧ ಶಸ್ತ್ರಚಿಕಿತ್ಸೆಯಾದ ಮೇಲೆ ದ್ರವವು ಬಹುಮಟ್ಟಿಗೆ ಮೊದಲಿನಂತೆಯೇ ಇದ್ದು, ಕೆಲವು ತಿಂಗಳುಗಳಲ್ಲಿ ವೀರ್ಯಾಣುಗಳು ಮಾತ್ರ ಇಲ್ಲವಾಗುತ್ತವೆ. ದ್ರವವೇ ಬೇರೆ, ಅಣುವೇ ಬೇರೆ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕಿಲ್ಲ.

ಇದರಿಂದ ಸಂಪಾದಕನಿಗೆ ದೊರೆಯುವ ವಿವೇಕವಿಷ್ಟು. ಧಾತುಪ್ರಸಂಗದಲ್ಲಿ ‘ಶುಕ್ರ’ವನ್ನು ಹಾಗೆಯೇ ಉಳಿಸುವುದು ಯುಕ್ತ, ಸ್ರವಿಸುವ ದ್ರವವೆಂಬ ಅರ್ಥ ಸ್ಪಷ್ಟವಾಗಿರುವೆಡೆ ‘ರೇತಸ್ಸು’ ಎನ್ನಬಹುದು, ‘ವೀರ್ಯಾಣು’ವಿಗೆ ಟಿಪ್ಪಣಿಯಲ್ಲಿ ಮಾತ್ರ ಸ್ಥಾನ. ‘ವೀರ್ಯ’ಶಬ್ದದಲ್ಲಂತೂ ಇನ್ನೂ ಎಚ್ಚರ ಬೇಕು. ದ್ರವ್ಯಗುಣಪ್ರಕರಣದ ಉಷ್ಣವೀರ್ಯ, ಶೀತವೀರ್ಯಗಳು ಔಷಧದ ಶಕ್ತಿಯನ್ನೂ, ಸಿದ್ಧಾಂತಗ್ರಂಥಗಳ ಅನಂತವೀರ್ಯ, ವೀರ್ಯಾಂತರಾಯಗಳು ಆತ್ಮಶಕ್ತಿಯನ್ನೂ ಕುರಿತಂಥವು. ಹಾಗೆಯೇ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉಕ್ತರಾದ ಬಹುಜೀವಗಳನ್ನು ವೀರ್ಯಾಣುಗಳೆಂದು ವ್ಯಾಖ್ಯಾನಿಸುವುದೂ ಮೂಲಕ್ಕೆ ಸಮ್ಮತವಲ್ಲ. ಅಲ್ಲಿ ಹೇಳಿರುವ ಜೀವಗಳು ಯೋನಿಗತವೇ ಹೊರತು ಶುಕ್ರಗತವಲ್ಲ. ಸೂಕ್ಷ್ಮದರ್ಶಕವು ಕಂಡುದನ್ನು ಪೂರ್ವಾಚಾರ್ಯರ ಮಾತಿನಲ್ಲಿ ಹುಡುಕುವುದರಿಂದ ಅವರ ಗೌರವ ಹೆಚ್ಚುವುದಿಲ್ಲ. ಅವರು ಯಾವ ಅರ್ಥದಲ್ಲಿ ನುಡಿದರೋ ಆ ಅರ್ಥವನ್ನು ಕೆಡದಂತೆ ಓದುಗರಿಗೆ ಮುಟ್ಟಿಸುವುದೇ ಗ್ರಂಥಸಂಪಾದನೆಯ ಧರ್ಮ.