ಗೆಲುವೋ, ಬಲವಂತದ ನಗುವೋ? ಆರ್ಕೆಸ್ಟ್ರಾದ ವೇಗ ಹೇಳುವ ಕಥೆ

ಪಾಡ್‌ಕಾಸ್ಟನ್ನು 1.5 ಎಕ್ಸ್‌ನಲ್ಲಿ ಕೇಳುವವರು ನಮ್ಮಲ್ಲಿ ಎಷ್ಟೋ ಜನ. ಮೆಟ್ರೋದಲ್ಲಿ ಕೂತು ಒಂದು ಗಂಟೆಯ ಮಾತನ್ನು 40 ನಿಮಿಷದಲ್ಲಿ ಮುಗಿಸ್ತೀವಿ. ವಿಷಯ ಅದೇ ಇರುತ್ತೆ, ಸಮಯ ಉಳಿಯುತ್ತೆ. ಸಂಗೀತಕ್ಕೆ ಈ ಲೆಕ್ಕ ಹೊಂದಲ್ಲ. ಅದೇ ಪುಟ, ಅದೇ ಸ್ವರ, ಅದೇ ವಾದ್ಯಗಳನ್ನು ಇಟ್ಟುಕೊಂಡು ವೇಗ ಒಂದನ್ನೇ ಬದಲಿಸಿದರೂ ಅರ್ಥ ಪೂರ್ತಿ ತಿರುಗಿಬಿಡಬಹುದು.

ನಂಬಿಕೆ ಬರದಿದ್ದರೆ ನಿಮ್ಮ ಮ್ಯೂಸಿಕ್ ಆ್ಯಪ್‌ನಲ್ಲಿ ಗುಸ್ತಾವ್ ಮಾಲರ್ ಅವರ 5ನೇ ಸಿಂಫನಿಯ ‘ಅಡಾಜಿಯೆಟ್ಟೊ’ ಹುಡುಕಿ. ತಂತಿವಾದ್ಯಗಳು ಮತ್ತು ಹಾರ್ಪ್ ಮಾತ್ರ ನುಡಿಸುವ ಭಾಗ ಅದು. ಪಕ್ಕದಲ್ಲಿ ತೋರಿಸುವ ಅವಧಿ ನೋಡಿ. ಮಾಲರ್ ಅವರನ್ನು ಹತ್ತಿರದಿಂದ ಬಲ್ಲ ಮೆಂಗೆಲ್‌ಬರ್ಗ್ 1926ರಲ್ಲಿ ಅದನ್ನು ಸುಮಾರು 7 ನಿಮಿಷದಲ್ಲಿ ಮುಗಿಸಿದ್ದಾರೆ. 1988ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಹೈಟಿಂಕ್ ತೆಗೆದುಕೊಂಡಿದ್ದು ಹತ್ತಿರಹತ್ತಿರ 14 ನಿಮಿಷ. ಹೆಚ್ಚುಕಡಿಮೆ ಎರಡು ಪಟ್ಟು! ಇದು ಮಾಲರ್ ತಮ್ಮ ಆಲ್ಮಾಗೆ ಬರೆದ ಪ್ರೇಮಪತ್ರ ಅಂತ ಮೆಂಗೆಲ್‌ಬರ್ಗ್ ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಂಡಿದ್ದರು. ಅದೇ ಸಂಗೀತ 1968ರಲ್ಲಿ ರಾಬರ್ಟ್ ಕೆನಡಿಯವರ ಅಂತ್ಯಸಂಸ್ಕಾರದ ಪ್ರಾರ್ಥನೆಯಲ್ಲಿ ನುಡಿಯಿತು, 1971ರಲ್ಲಿ ‘ಡೆತ್ ಇನ್ ವೆನಿಸ್’ ಸಿನಿಮಾಕ್ಕೂ ಬಂತು. ನಿಧಾನವಾಗ್ತಾ ಆಗ್ತಾ ಪ್ರೇಮಪತ್ರ ಶೋಕಗೀತೆ ಆಗಿಬಿಡ್ತು.

ಹಾಗಾದರೆ ಮಾಲರ್ ಬರೆದಿದ್ದೇನು? ‘ತುಂಬಾ ನಿಧಾನ’ ಅಂತ. ತುಂಬಾ ಅಂದ್ರೆ ಎಷ್ಟು? ನನ್ನಂಥ ಎಂಜಿನಿಯರ್‌ಗೆ ಮೊದಲು ಹೊಳೆಯುವುದು, ಒಂದು ಸಂಖ್ಯೆ ಕೊಟ್ಟುಬಿಟ್ಟಿದ್ದರೆ ಆಗ್ತಿರಲಿಲ್ವಾ ಅಂತ. ಅದಕ್ಕೆ ಉಪಕರಣವೂ ಇದೆ, ಮೆಟ್ರೊನೋಮ್. 60 ಅಂತ ಇಟ್ಟರೆ ಸೆಕೆಂಡಿಗೆ ಒಂದು ಟಿಕ್, 120 ಅಂದರೆ ಎರಡು. ಬೀಥೋವನ್ ಕಾಲದಿಂದಲೇ ಬಳಕೆಯಲ್ಲಿದೆ. ಆದರೆ ಸಂಖ್ಯೆ ಕೊಟ್ಟರೂ ಜಗಳ ತಪ್ಪಲ್ಲ ಅನ್ನೋದಕ್ಕೆ ಶೋಸ್ತಕೋವಿಚ್ ಅವರ 5ನೇ ಸಿಂಫನಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಅಲ್ಲಿ ಪಣಕ್ಕಿದ್ದದ್ದು ಒಬ್ಬ ಮನುಷ್ಯನ ಜೀವ.

1936ರ ಜನವರಿಯಲ್ಲಿ ಸ್ಟಾಲಿನ್ ಮಾಸ್ಕೋದಲ್ಲಿ ಶೋಸ್ತಕೋವಿಚ್ ಅವರ ಒಂದು ಆಪೆರಾ ನೋಡಲು ಬಂದ. ಎರಡೇ ದಿನಕ್ಕೆ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ, ಇದು ಸಂಗೀತವಲ್ಲ ಬರೀ ಗೊಂದಲ ಎಂಬರ್ಥದ ತಲೆಬರಹದ ಲೇಖನ ಬಂತು. ಬರೆದವರ ಹೆಸರಿಲ್ಲ. ಆ ಕಾಲದ ರಷ್ಯಾದಲ್ಲಿ ಅಂಥ ಲೇಖನ ಬರೀ ಕೆಟ್ಟ ರಿವ್ಯೂ ಅಲ್ಲ. ಜನ ರಾತ್ರೋರಾತ್ರಿ ಮಾಯವಾಗುತ್ತಿದ್ದ ದಿನಗಳವು. ಸಂಯೋಜಕರು ತಮ್ಮ 4ನೇ ಸಿಂಫನಿಯನ್ನು ತಾಲೀಮಿನ ಹಂತದಲ್ಲೇ ವಾಪಸ್ ತೆಗೆದುಕೊಂಡರು. ಅದು ವೇದಿಕೆ ಕಂಡದ್ದು 1961ರಲ್ಲಿ. 1937ರ ಜೂನ್‌ನಲ್ಲಿ ಅವರ ಬೆನ್ನಿಗಿದ್ದ ಮಾರ್ಷಲ್ ತುಖಾಚೆವ್ಸ್ಕಿಯನ್ನು ಗುಂಡಿಟ್ಟು ಕೊಂದರು. ಅದೇ ತಿಂಗಳುಗಳಲ್ಲಿ ಇವರು 5ನೇ ಸಿಂಫನಿ ಬರೆಯುತ್ತಿದ್ದರು.

ನವೆಂಬರ್ 21ರಂದು ಲೆನಿನ್‌ಗ್ರಾಡ್‌ನಲ್ಲಿ ಯೆವ್ಗೆನಿ ಮ್ರಾವಿನ್ಸ್ಕಿ ಅದನ್ನು ಮೊದಲ ಸಲ ನಡೆಸಿದರು. ಮೂರನೇ ಭಾಗಕ್ಕೆ ಜನ ಅತ್ತರು. ಮುಗಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಚಪ್ಪಾಳೆ. ಸರ್ಕಾರಕ್ಕೂ ಸಮಾಧಾನ ಆಯ್ತು: ದಾರಿ ತಪ್ಪಿದ್ದ ಕಲಾವಿದ ಸರಿಹೋದ, ಕೊನೆಯಲ್ಲಿ ಎಂಥಾ ಗೆಲುವಿನ ಸಂಗೀತ ಕೊಟ್ಟಿದ್ದಾನೆ ಅಂತ.

ಆ ಕೊನೆಯಲ್ಲೇ ಇರೋದು ಗುಟ್ಟು. ಕೊನೆಯ ಪುಟಗಳಲ್ಲಿ ಹಿತ್ತಾಳೆ ವಾದ್ಯಗಳು ಗಟ್ಟಿಯಾಗಿ ಮೆರೆಯುತ್ತವೆ, ನಗಾರಿಯಂಥ ಟಿಂಪನಿ ಗುಡುಗುತ್ತೆ. ಪಿಟೀಲುಗಳು ಮಾತ್ರ ‘ಎ’ ಅನ್ನೋ ಒಂದೇ ಸ್ವರವನ್ನು ಬಿಡದೆ ಬಾರಿಸುತ್ತಲೇ ಇರುತ್ತವೆ, ಇನ್ನೂರಕ್ಕೂ ಹೆಚ್ಚು ಸಲ. ಇದಕ್ಕೆ ವೇಗ ಎಷ್ಟು? ಮೊದಲು ಅಚ್ಚಾದ ಪ್ರತಿಯಲ್ಲಿ ನಿಮಿಷಕ್ಕೆ 188 ಕ್ವಾರ್ಟರ್ ನೋಟ್ ಅಂತಿದೆ. ಬೇರೆ ಮುದ್ರಣಗಳಲ್ಲಿ 184, ಆದರೆ ಎಣಿಸಬೇಕಾದ್ದು ಎಯ್ತ್ ನೋಟ್, ಅಂದರೆ ಅದರ ಅರ್ಧ. ಕೋಡ್ ಬರೆಯುವವರಿಗೆ ಈ ಸಂಕಟ ತಕ್ಷಣ ಗೊತ್ತಾಗುತ್ತೆ. ಸಂಖ್ಯೆ ಹೆಚ್ಚುಕಡಿಮೆ ಅದೇ, ಅಳತೆಯ ಯೂನಿಟ್ ಬೇರೆ. ಮೊದಲನೆಯದರಂತೆ ನುಡಿಸಿದರೆ ಆ ‘ಎ’ ಸೆಕೆಂಡಿಗೆ ಆರು ಸಲ ಬರುತ್ತೆ, ಎರಡನೆಯದರಲ್ಲಿ ಮೂರೇ ಸಲ.

ಸೆಕೆಂಡಿಗೆ ಆರು ಸಲ ಬಂದಾಗ ಕಿವಿ ಅದನ್ನು ಬಿಡಿಬಿಡಿಯಾಗಿ ಹಿಡಿಯೋದಿಲ್ಲ. ಒಟ್ಟಾರೆ ಮಿನುಗು, ದೀಪಾವಳಿಯ ಸರಪಟಾಕಿ ಥರ. ಮೇಲೆ ಹಿತ್ತಾಳೆ ವಾದ್ಯಗಳು ಒಂದೇ ಉಸಿರಿನಲ್ಲಿ ಹಾರಿಹೋಗುತ್ತವೆ. ಮೂರು ಸಲಕ್ಕೆ ಇಳಿದರೆ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಬೀಳುತ್ತೆ, ಗೋಡೆಗೆ ಮೊಳೆ ಹೊಡೆದ ಹಾಗೆ. ಟ್ರಂಪೆಟ್‌ನವರು ಉಸಿರು ಕಟ್ಟಿ ಉದ್ದುದ್ದ ಸ್ವರ ಹಿಡಿಯಬೇಕು, ಆ ಶ್ರಮ ನಮಗೂ ಕೇಳಿಸುತ್ತೆ. ‘ನಗು, ಇನ್ನೂ ನಗು, ನಿಲ್ಲಿಸಬೇಡ’ ಅಂತ ಯಾರೋ ಹಿಂದೆ ನಿಂತು ಗದರಿಸಿದ ಹಾಗೆ.

ಎರಡಕ್ಕೂ ಒಳ್ಳೆಯ ಸಾಕ್ಷಿಗಳಿವೆ. ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ 1959ರ ಅಕ್ಟೋಬರ್‌ನಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಕೊನೆಯ ಭಾಗ ಪೂರ್ತಿ ಸುಮಾರು 9 ನಿಮಿಷ. ಓಟವೋ ಓಟ. ಇನ್ನೊಂದು ಕಡೆ ಶೋಸ್ತಕೋವಿಚ್ ಅವರ ಆಪ್ತ, 1974ರಲ್ಲಿ ಸೋವಿಯತ್ ದೇಶ ಬಿಟ್ಟ ರಾಸ್ಟ್ರೊಪೋವಿಚ್. ವಾಷಿಂಗ್ಟನ್ನಿನ ನ್ಯಾಷನಲ್ ಸಿಂಫನಿ ಜೊತೆ ಅವರು ನುಡಿಸಿದ್ದು ಕೇಳಿ. ಕೊನೆ ಎಷ್ಟು ಭಾರವಾಗಿದೆ ಅಂದ್ರೆ, ಮುಗಿದ ಮೇಲೆ ಚಪ್ಪಾಳೆ ಹೊಡೆಯೋಕೆ ಕೈ ಬರಲ್ಲ. 1979ರಲ್ಲಿ ವೋಲ್ಕೋವ್ ಎಂಬವರು ಶೋಸ್ತಕೋವಿಚ್ ಅವರ ನೆನಪುಗಳೆಂದು ಒಂದು ಪುಸ್ತಕ ತಂದರು. ಈ ಸಿಂಫನಿಯ ಸಂಭ್ರಮ ಬೆದರಿಕೆಯಿಂದ ಹುಟ್ಟಿದ್ದು ಅಂತ ಅದರಲ್ಲಿದೆ. ಆಮೇಲೆ ನಿಧಾನದ ಪಕ್ಷಕ್ಕೆ ಬಲ ಬಂತು, ಆದರೆ ಪುಸ್ತಕದ ಸಾಚಾತನದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ನಡೆದೇ ಇದೆ.

ಹಾಗಂತ ಬರ್ನ್‌ಸ್ಟೈನ್‌ಗೆ ಅರ್ಥವಾಗಿಲ್ಲ ಅಂತ ತಳ್ಳಿಹಾಕೋದು ಸುಲಭವಲ್ಲ. ಆ ಧ್ವನಿಮುದ್ರಣಕ್ಕೆ ಸ್ವಲ್ಪ ಮುಂಚೆ, ಸೆಪ್ಟೆಂಬರ್‌ನಲ್ಲಿ, ಅವರು ಇದೇ ಸಿಂಫನಿಯನ್ನು ಮಾಸ್ಕೋದಲ್ಲೇ ನುಡಿಸಿದ್ದರು. ಸಭೆಯಲ್ಲಿ ಶೋಸ್ತಕೋವಿಚ್ ಕೂತಿದ್ದರು. ಮುಗಿದ ಮೇಲೆ ವೇದಿಕೆಗೆ ಬಂದು ಕೈ ಕುಲುಕಿದರು. ಮೆಚ್ಚಿಯೋ, ಮರ್ಯಾದೆಗೋ? ಅವರಂಥ ಮನುಷ್ಯ, ಅಂಥ ಊರಿನಲ್ಲಿ, ಎಲ್ಲರೆದುರು ಇನ್ನೇನು ತಾನೇ ಮಾಡಬಹುದಿತ್ತು?

ನನ್ನ ಓಟು ನಿಧಾನಕ್ಕೆ. ವೇಗದ್ದು ಕೇಳಿದಾಗ ಖುಷಿ ಆಗುತ್ತೆ, ಆದರೆ ಅದಕ್ಕೂ ಮುಂಚಿನ 35 ನಿಮಿಷದಲ್ಲಿ ಕೇಳಿದ್ದೆಲ್ಲ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆ ಉಳಿದುಬಿಡುತ್ತೆ. ನಮ್ಮ ಕಛೇರಿಗಳಲ್ಲೂ ಕಾಲಪ್ರಮಾಣದ ಬಗ್ಗೆ ಹಿರಿಯರು ತಲೆಕೆಡಿಸಿಕೊಳ್ಳೋದು ಸುಮ್ಮನೆ ಅಲ್ಲ. ಆದರೆ ಹಾಡುಗಾರರು ತಮ್ಮ ನಡೆಯನ್ನು ತಾವೇ ಹಿಡಿಯುತ್ತಾರೆ, ಪಕ್ಕವಾದ್ಯದವರು ಅನುಸರಿಸುತ್ತಾರೆ. ಆರ್ಕೆಸ್ಟ್ರಾದಲ್ಲಿ ಎಂಬತ್ತು ತೊಂಬತ್ತು ಜನ ಒಬ್ಬ ಕಂಡಕ್ಟರ್ ಕೈಯ ಕೋಲಿಗೆ ಒಪ್ಪಿಕೊಳ್ಳಬೇಕು (ಟಿಕೆಟ್ ಕೊಡೋ ಕಂಡಕ್ಟರ್ ಅಲ್ಲ ಮತ್ತೆ!). ತಾನು ಒಂದೂ ಸ್ವರ ನುಡಿಸದ ಆ ವ್ಯಕ್ತಿ ಹೇಳಿದ್ದೇ ಸಂಗೀತದ ಅರ್ಥ ಆಗಿಬಿಡುತ್ತೆ.

ಎರಡೂ ಕೇಳಿ ನೋಡೋ ಮನಸ್ಸಿದ್ದರೆ ಒಂದು ಮಾತು. ಕೊನೆಯ ಎರಡು ನಿಮಿಷಕ್ಕೆ ನೇರವಾಗಿ ಹಾರಬೇಡಿ, ಮೂರನೇ ಭಾಗದಿಂದ ಶುರು ಮಾಡಿ. ಅದರಲ್ಲಿ ಹಿತ್ತಾಳೆ ವಾದ್ಯಗಳೇ ಇಲ್ಲ. ಹತ್ತಕ್ಕೂ ಹೆಚ್ಚು ನಿಮಿಷ ಅವರೆಲ್ಲ ಬಾಯಿಮುಚ್ಚಿ ಕೂತಿರುತ್ತಾರೆ. ಕಿವಿ ಆ ಮೌನಕ್ಕೆ ಒಗ್ಗಿಕೊಂಡಾಗಲೇ ನಾಲ್ಕನೇ ಭಾಗ ಧಡಾರನೆ ಶುರುವಾಗುತ್ತೆ. ಹೆಡ್‌ಫೋನ್ ಹಾಕಿಕೊಂಡಿದ್ದರೆ ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.